ಮಳೆಯಲ್ಲಿ ಹುಟ್ಟಿದ ಹೆಸರಿಲ್ಲದವನು

ಪುನರ್ವಸು ಮಳೆ ಹಿಡಿದರೆ ತೀರ್ಥಹಳ್ಳಿ ಕಡೆಯ ನಮ್ಮ ಮನೆಗಳಲ್ಲಿ ಇವತ್ತಿಗೂ ಎಲ್ಲರೂ ಸೇರುವುದು ಬಚ್ಚಲೊಲೆ ಮುಂದೆ. ಹಲಸಿನ ಬೀಜ ಸುಡುತ್ತಾ ಯಾರೋ ಒಬ್ಬರು ಭೂತದ ಕಥೆ ಶುರುಮಾಡುತ್ತಾರೆ. ಇಂಗ್ಲಿಷ್ ಲೇಖಕಿ ಮೇರಿ ಷೆಲ್ಲಿಯ ಕಾದಂಬರಿ ‘ಫ್ರಾಂಕೆನ್‌ಸ್ಟೈನ್’ ಹುಟ್ಟಿದ್ದೂ ಮಳೆಗೆ ಹೊರಗೆ ಕಾಲಿಡಲಾಗದೆ ಕೂತಿದ್ದವರ ನಡುವೆಯೇ.

ಅಲ್ಲಿ ಮಾತ್ರ ಅದು ಬೇಸಿಗೆ. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರಿಂದ ಚಿಮ್ಮಿದ ಗಂಧಕದ ಅಂಶ ಆಕಾಶದ ತುಂಬ ತೆರೆಯಂತೆ ಹರಡಿ ಬಿಸಿಲಿಗೆ ಅಡ್ಡ ನಿಂತಿತು. ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಬೆಳೆ ಹೋಯಿತು, ಜನ ಹಸಿದರು. ಆ ಜೂನ್‌ನಲ್ಲಿ ಜಿನೀವಾ ಸರೋವರದ ದಡದ ಬಂಗಲೆಯೊಂದರಲ್ಲಿ ಕವಿ ಬೈರನ್, ಆತನ ವೈದ್ಯ ಪೊಲಿಡೊರಿ, ಕವಿ ಷೆಲ್ಲಿ, ಅವನ ಸಂಗಾತಿ ಮೇರಿ ಎಲ್ಲರೂ ಒಳಗೇ ಸಿಕ್ಕಿಬಿದ್ದಿದ್ದರು. ದೆವ್ವದ ಕಥೆಗಳನ್ನು ಓದಿ ಓದಿ, ನಾವೂ ಒಂದೊಂದು ಬರೆಯೋಣ ಎಂದ ಬೈರನ್. ಪೊಲಿಡೊರಿಯ ಕಥೆ 1819ರಲ್ಲಿ ಅಚ್ಚಾಗಿ ಇಂಗ್ಲಿಷಿನ ರಕ್ತಪಿಶಾಚಿ ಕಥೆಗಳಿಗೆ ದಾರಿ ಮಾಡಿತು. ಮೇರಿಗೆ ಆಗ 18 ವರ್ಷ.

ಈ ಪಂದ್ಯದ ಕಥೆ ಹೇಳಿ ಅಲ್ಲಿಗೇ ನಿಲ್ಲಿಸುವುದು ರೂಢಿ. ಕಾದಂಬರಿಯಲ್ಲಿ ವಿಕ್ಟರ್ ಫ್ರಾಂಕೆನ್‌ಸ್ಟೈನ್ ಎಂಬ ಯುವಕ ಹೆಣಗಳ ಭಾಗಗಳಿಂದ ಮಾಡಿದ ದೇಹಕ್ಕೆ ಜೀವ ಕೊಡುತ್ತಾನೆ. ಹಾಗಾಗಿ ಸತ್ತ ದೇಹಕ್ಕೆ ವಿದ್ಯುತ್ ಹರಿಸುವ ಪ್ರಯೋಗಗಳನ್ನೂ ಕೆಲವರು ಸೇರಿಸುತ್ತಾರೆ. 1803ರಲ್ಲಿ ಲಂಡನ್‌ನಲ್ಲಿ ಇಟಲಿಯ ವಿಜ್ಞಾನಿ ಆಲ್ಡಿನಿ ಹಾಗೆ ಮಾಡಿದಾಗ ಗಲ್ಲಿಗೇರಿದವನ ಶವದ ಒಂದು ಕಣ್ಣು ತೆರೆದಿತ್ತು. ಆದರೆ ನನಗೆ ಈ ಕಾದಂಬರಿಯ ಬೇರು ಕಾಣುವುದು ಮೇರಿಯ ದಿನಚರಿಯಲ್ಲಿ. ಅವಳು ಹುಟ್ಟಿದ ಹತ್ತೇ ದಿನಕ್ಕೆ ತಾಯಿ ತೀರಿಕೊಂಡಿದ್ದಳು. 1815ರ ಫೆಬ್ರವರಿಯಲ್ಲಿ ದಿನ ತುಂಬದೆ ಹುಟ್ಟಿದ ಅವಳ ಮೊದಲ ಮಗಳು ಮಾರ್ಚ್‌ನಲ್ಲಿ ಸತ್ತುಹೋಯಿತು. ಕೆಲವೇ ದಿನಗಳಲ್ಲಿ ಅವಳಿಗೊಂದು ಕನಸು: ಮಗು ಸತ್ತಿಲ್ಲ, ಬರೀ ತಣ್ಣಗಾಗಿದೆ, ಬೆಂಕಿ ಮುಂದೆ ಮೈ ತಿಕ್ಕಿದರು, ಜೀವ ಬಂತು. ಎಚ್ಚರವಾದಾಗ ಮಗು ಇರಲಿಲ್ಲ.

1818ರ ಜನವರಿ 1ರಂದು ಕಾದಂಬರಿ ಹೊರಬಂತು. ಐನೂರೇ ಪ್ರತಿ, ಲೇಖಕಿಯ ಹೆಸರಿಲ್ಲ. ಅವಳ ಹೆಸರು ಬಂದದ್ದು 1823ರ ಮುದ್ರಣದಲ್ಲಿ.

ಕಥೆಯ ನಿಜವಾದ ಭಯ ಹೊಲಿಗೆ ಹಾಕಿದ ಮುಖದಲ್ಲಿಲ್ಲ. ವಿಕ್ಟರ್ ಫ್ರಾಂಕೆನ್‌ಸ್ಟೈನ್ ಜೀವ ಕೊಟ್ಟ ರಾತ್ರಿಯೇ ತನ್ನ ಸೃಷ್ಟಿಯನ್ನು ಬಿಟ್ಟು ಓಡಿದ. ಆ ಅನಾಥ ಒಂದು ಬಡ ಕುಟುಂಬದ ಪಕ್ಕದ ಕೊಟ್ಟಿಗೆಯಲ್ಲಿ ಅವಿತು, ಗೋಡೆಯ ಸಂದಿಯಿಂದ ಕೇಳಿ ಮಾತು ಕಲಿಯುತ್ತಾನೆ. ಆ ಮನೆಯ ಹುಡುಗ ಸೌದೆಗಾಗಿ ಪಡುವ ಪಾಡು ನೋಡಿ, ರಾತ್ರಿ ತಾನೇ ಕಾಡಿನಿಂದ ಸೌದೆ ತಂದಿಡುತ್ತಾನೆ. ಕೊನೆಗೆ ಅವರ ಎದುರು ಬಂದ ದಿನ ಆ ಹುಡುಗನೇ ಅವನಿಗೆ ಕೋಲಿನಿಂದ ಬಡಿಯುತ್ತಾನೆ. ಒಂದು ಆಷಾಢದಲ್ಲಿ ಇದನ್ನು ಅಜ್ಜಿಗೆ ಹೇಳುತ್ತಿದ್ದೆ. ಒಲೆಗೆ ಕೊಳ್ಳಿ ನೂಕುತ್ತಿದ್ದವರು ಕೈ ನಿಲ್ಲಿಸಿ, “ಅಲ್ಲ ಮಾರಾಯ, ಸೌದೆ ತಂದ್ಹಾಕಿದೋನಿಗೇ ಹೊಡೆದ್ರಾ?” ಎಂದರು.

ನಮ್ಮೂರ ಭೂತಗಳಿಗೆ ಹೆಸರಿದೆ, ಜಾಗವಿದೆ. ಚೌಡಿಗೆ ಅವಳದೇ ಬನ, ಭೂತರಾಯನಿಗೆ ಮರದ ಬುಡದ ಕಲ್ಲು, ವರ್ಷಕ್ಕೊಮ್ಮೆ ಹಣ್ಣುಕಾಯಿ. ಮುನಿದರೂ ಅವು ಊರಿನವೇ. ಇವನಿಗೆ ಒಂದು ಹೆಸರೂ ಇಲ್ಲ. ಹಾಗಾಗಿಯೇ ಇವನನ್ನು ಮಾಡಿದವನ ಹೆಸರನ್ನು ಜನ ಇವನಿಗೆ ಅಂಟಿಸಿದರು. 1992ರಲ್ಲಿ ಕುಲಾಂತರಿ ಆಹಾರಕ್ಕೆ ‘ಫ್ರಾಂಕೆನ್‌ಫುಡ್’ ಎಂಬ ಅಡ್ಡಹೆಸರು ಬಂತು. ಈಗ ಕೃತಕ ಬುದ್ಧಿಮತ್ತೆಯ ಮಾತು ಬಂದರೂ ಅದೇ ಹೆಸರು. ಕನ್ನಡದಲ್ಲಿ ಆ ಜಾಗಕ್ಕೆ ನಾವು ಭಸ್ಮಾಸುರನನ್ನು ಕರೆಯುತ್ತೇವೆ. ಹೋಲಿಕೆ ಅರ್ಧ ಮಾತ್ರ ಸರಿ. ಭಸ್ಮಾಸುರ ವರ ಪಡೆದು ತಿರುಗಿಬಿದ್ದವನು. ಇವನು ಏನೂ ಸಿಗದೆ ತಿರುಗಿಬಿದ್ದವನು.

1823ರಲ್ಲಿ ಲಂಡನ್‌ನಲ್ಲಿ ಕಥೆ ನಾಟಕವಾದಾಗ ಪಾತ್ರಗಳ ಪಟ್ಟಿಯಲ್ಲಿ ಇವನ ಹೆಸರಿನ ಜಾಗದಲ್ಲಿ ಬರೀ ಗೆರೆ ಎಳೆದಿದ್ದರು. ಅದು ಮೇರಿಗೆ ಹಿಡಿಸಿತ್ತು. 1931ರ ಹಾಲಿವುಡ್ ಸಿನಿಮಾ, ಶುರುವಿನ ಪಟ್ಟಿಯಲ್ಲಿ ನಟ ಬೋರಿಸ್ ಕಾರ್ಲಾಫ್‌ನ ಹೆಸರಿಗೆ ಬದಲು ಪ್ರಶ್ನಾರ್ಥಕ ಚಿಹ್ನೆ ಹಾಕಿತು. ಜೊತೆಗೆ ಅವನ ಮಾತನ್ನೂ ಕಿತ್ತುಕೊಂಡಿತು. ಇಂದು ಎಲ್ಲರಿಗೂ ಗೊತ್ತಿರುವುದು ಆ ಗುರುಗುಟ್ಟುವ ಮೂಕನೇ. ಪುಸ್ತಕ ಸಿಕ್ಕರೆ 11ರಿಂದ 16ರವರೆಗಿನ ಅಧ್ಯಾಯಗಳನ್ನು ಗಟ್ಟಿಯಾಗಿ ಓದಿ ನೋಡಿ. ಅಲ್ಲಿ ಪೂರ್ತಿ ಅವನೇ ಮಾತಾಡುತ್ತಾನೆ.