‘ನೋಡಿದ್ರೆ ಗೊತ್ತಾಗಲ್ವಾ’ ಅಂದರೆ ಹೊಸಬ ಕಲಿಯುವುದು ಹೇಗೆ?

ಕೊಡಗಿನ ಕಾಫಿ ತೋಟಗಳಲ್ಲಿ ಹೊಸ ರೈಟರ್, ಅಂದರೆ ಆಳುಗಳ ಹಾಜರಿ ಹಾಕಿ ಕೆಲಸ ನೋಡಿಕೊಳ್ಳುವವರು, ಕೆಲಸಕ್ಕೆ ಸೇರಿದರೆ ಹಳಬರ ಜೊತೆ ಬಿಡುತ್ತಾರೆ. ‘ಇವರ ಹಿಂದೆ ಓಡಾಡು, ಕಲಿತುಕೊಳ್ತೀಯ’ ಅನ್ನುತ್ತಾರೆ ಮಾಲೀಕರು. ಹಳಬರಿಗೆ ಮಾತ್ರ ಯಾರೂ ಏನೂ ಹೇಳುವುದಿಲ್ಲ. ಕೆಲಸ ಬಲ್ಲವರಿಗೆ ಕಲಿಸಲೂ ಬರುತ್ತದೆ ಅಂತ ಸುಮ್ನೆ ನಂಬಿಬಿಟ್ಟಿದ್ದೇವೆ. ತೋಟದ ಸಿಬ್ಬಂದಿಗೆ ತರಬೇತಿ ಕೊಡುವ ನನಗೆ ಈ ನಂಬಿಕೆಯೇ ದೊಡ್ಡ ತೊಡಕು.

ಅರೇಬಿಕಾ ಕಾಫಿ ತೋಟದಲ್ಲಿ ಬಿಳಿ ಕಾಂಡಕೊರಕ, ಅಂದರೆ ಕಾಂಡ ಕೊರೆಯುವ ‘ಬೋರರ್’ ಹುಳು, ಹಿಡಿದ ಗಿಡ ಹುಡುಕುವ ಕೆಲಸವನ್ನೇ ನೋಡಿ. ಈ ಹುಳು ದುಂಬಿಯಾಗಿ ಹೊರಬಂದು ಹಾರುವುದು ಏಪ್ರಿಲ್–ಮೇನಲ್ಲಿ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್ ತನಕ. ಅದಕ್ಕೆ ಮುಂಚೆಯೇ ಹುಳು ಹಿಡಿದ ಗಿಡ ಕಿತ್ತು ಸುಡಬೇಕು. ಅನುಭವಿ ರೈಟರ್ ಸಾಲಿನಲ್ಲಿ ನಡೆಯುತ್ತಲೇ ‘ಇದು ಬೋರರ್, ಅದೂ ಬೋರರ್’ ಅಂತ ಕೈ ತೋರಿಸುತ್ತಾರೆ.

‘ಹೇಗೆ ಗೊತ್ತಾಯ್ತು ಅಣ್ಣ?’

‘ನೋಡಿದ್ರೆ ಗೊತ್ತಾಗಲ್ವಾ!’

ಪಾಠ ಅಲ್ಲಿಗೆ ಮುಗಿಯಿತು. ಅವರೇನೂ ಗುಟ್ಟು ಮಾಡುತ್ತಿಲ್ಲ. ನುರಿತವರ ತಿಳಿವಳಿಕೆ ಕೈಯಲ್ಲಿ ಇರುತ್ತದೆ, ಬಾಯಿಗೆ ಬರುವುದಿಲ್ಲ. ಅಮೆರಿಕದ ಚಿಂತಕ ಡೊನಾಲ್ಡ್ ಶೋನ್ 1983ರಲ್ಲಿ ಇದನ್ನೇ ವಿವರವಾಗಿ ಬರೆದರು. ಕೆಲಸ ಮಾಡುತ್ತಲೇ ಯೋಚಿಸುವುದು ಒಂದು, ಮುಗಿದ ಮೇಲೆ ಹಿಂತಿರುಗಿ ನೋಡುವುದು ಇನ್ನೊಂದು ಅಂತ ಬಿಡಿಸಿ ಹೇಳಿದವರೂ ಅವರೇ. ಮೆಂಟರ್, ಅಂದರೆ ಜೊತೆಗಿದ್ದು ಕಲಿಸುವವರು, ಆಗುವವರಿಗೆ ಎರಡೂ ಬೇಕು.

ಹಾಗಾಗಿ ನನ್ನ ತರಬೇತಿ ಹೊಸಬರಿಂದ ಅಲ್ಲ, ಹಳಬರಿಂದ ಶುರುವಾಗುತ್ತದೆ. ಒಂದು ಗಿಡದ ಮುಂದೆ ನಿಲ್ಲಿಸಿ, ಕಣ್ಣು ಮೊದಲು ಎಲ್ಲಿಗೆ ಹೋಯಿತು ಅಂತ ಕೇಳುತ್ತೇನೆ. ‘ಎಲೆ ಹಳದಿ ತಿರುಗಿದೆ, ಬಾಡಿದ ಹಾಗಿದೆ.’ ಆಮೇಲೆ? ‘ಇಲ್ಲಿ ನೆರಳು ಕಡಿಮೆ, ಬಿಸಿಲು ನೇರ ಕಾಂಡಕ್ಕೇ ಬೀಳುತ್ತೆ. ಹುಳಕ್ಕೆ ಅದೇ ಬೇಕು.’ ಇಷ್ಟು ಹೇಳಿ ಬಗ್ಗುತ್ತಾರೆ, ಕಾಂಡದ ಮೇಲೆ ಹೆಬ್ಬೆರಳು ಆಡಿಸುತ್ತಾರೆ. ಹುಳು ಕೊರೆದ ಕಡೆ ತೊಗಟೆ ಏಣು ಏಣಾಗಿ ಉಬ್ಬಿರುತ್ತದೆ. ಪಕ್ಕದ ಗಿಡವೂ ಹಳದಿಯೇ, ಆದರೆ ಕಾಂಡ ನುಣ್ಣಗಿದೆ. ‘ಇದಕ್ಕೆ ಬೇರೆ ಏನೋ ಆಗಿದೆ’ ಅಂತ ಬಿಟ್ಟು ಮುಂದೆ ಹೋಗುತ್ತಾರೆ. ಹೊಸಬರಿಗೆ ಜಾಸ್ತಿ ಬೇಕಾದದ್ದು ಈ ಎರಡನೇ ಗಿಡದ ವಿಷಯ. ಯಾವುದನ್ನು ಯಾಕೆ ಬಿಟ್ಟೆ ಅಂತ ಯಾರೂ ಹೇಳಿಕೊಡುವುದೇ ಇಲ್ಲ.

ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಬೆಳಿಗ್ಗೆ ಹಾಜರಿ ಹಾಕುವವರೂ, ತಪ್ಪಾದರೆ ಮಾಲೀಕರಿಗೆ ವರದಿ ಕೊಡುವವರೂ, ಕಲಿಸುವವರೂ ಒಬ್ಬರೇ. ಅಂಥವರ ಮುಂದೆ ‘ನಂಗೆ ಗೊತ್ತಾಗ್ಲಿಲ್ಲ ಅಣ್ಣ’ ಅನ್ನಲು ಯಾವ ಹುಡುಗನಿಗೆ ಧೈರ್ಯ ಬರುತ್ತದೆ? ಎಲ್ಲದಕ್ಕೂ ‘ಹೂಂ’ ಅನ್ನುತ್ತಾನೆ. ಆ ‘ಹೂಂ’ ಕೇಳಿ ಅರ್ಥವಾಯಿತು ಅಂದುಕೊಳ್ಳುವುದು ಮೇಲ್ವಿಚಾರಕರ ಚಾಳಿ. ‘ಹಾಗಾದರೆ ಈ ಸಾಲು ನೀನೇ ನೋಡಿ ಗುರುತು ಮಾಡು, ನಾನು ಹಿಂದೆ ಬರ್ತೀನಿ’ ಅನ್ನುವುದು ಮೆಂಟರ್ ಕೆಲಸ. ನಡೆಯುವಾಗ ಬಾಯಿ ಬಿಡದೇ ಇರಬೇಕು. ಹಳಬರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ ಬಿಡಿ!

ಸಂಜೆ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆಯಲು ಹಳಬರಿಗೆ ಹೇಳುತ್ತೇನೆ. ಹುಡುಗನ ಬಗ್ಗೆ ಅಲ್ಲ, ತಮ್ಮ ಬಗ್ಗೆ. ಇವತ್ತು ಎಲ್ಲಿ ತಾಳ್ಮೆ ಕೆಟ್ಟಿತು? ಅವನು ಕೇಳುವ ಮೊದಲೇ ಯಾವುದಕ್ಕೆ ಉತ್ತರ ಹೇಳಿಬಿಟ್ಟೆ? ನಾಳೆ ಏನು ಬದಲಿಸುತ್ತೇನೆ? ಹೀಗೆ ಹಿಂತಿರುಗಿ ನೋಡಲು ಗ್ರಹಾಂ ಗಿಬ್ಸ್ 1988ರಲ್ಲಿ ಕೊಟ್ಟ ಆರು ಹಂತದ ಚಕ್ರ ತರಬೇತಿ ಕೋಣೆಗಳಲ್ಲಿ ತುಂಬಾ ಓಡುತ್ತದೆ. ಚಕ್ರ ಕೆಟ್ಟದ್ದಲ್ಲ. ಆದರೆ ಆರು ಕಾಲಂ ಎಳೆದು ಕೊಟ್ಟರೆ ಜನ ಕಾಲಂ ತುಂಬುತ್ತಾರೆ, ಯೋಚಿಸುವುದಿಲ್ಲ. ಬರೆಯಲು ಬೇಜಾರಾದರೆ ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಲಿ, ತೊಂದರೆ ಇಲ್ಲ.

ಮಾಲೀಕರಿಗೂ ಒಂದು ಮಾತು. ಈ ಕಲಿಕೆಯನ್ನು ಹಣ್ಣು ಕೊಯ್ಯುವ ಗಡಿಬಿಡಿಯಲ್ಲಿ ಶುರು ಮಾಡಬೇಡಿ. ಸೆಪ್ಟೆಂಬರಿನಲ್ಲಿ, ಬೋರರ್ ಹಿಡಿದ ಗಿಡ ಗುರುತು ಮಾಡುವಾಗ ಹಳಬ, ಹೊಸಬ ಇಬ್ಬರನ್ನೂ ಒಟ್ಟಿಗೆ ಬಿಡಿ. ಆ ದಿನಗಳಲ್ಲಿ ಎಷ್ಟು ಎಕರೆ ಮುಗಿಯಿತು ಅಂತ ಸಂಜೆ ಕೇಳಬೇಡಿ.