ಓದುಗರ ಪ್ರಶ್ನೆ: ‘ಕಂಟಿನ್ಯೂಅಮ್’ನಲ್ಲಿ ಗಿಟಾರ್ ಯಾಕೆ ಇಷ್ಟು ಕಮ್ಮಿ?

“ಸರ್, ಜಾನ್ ಮೇಯರ್ ದೊಡ್ಡ ಬ್ಲೂಸ್ ಗಿಟಾರಿಸ್ಟ್ ಅಂತ ಬರೀತಾ ಇರ್ತೀರಿ. ಅವನ ‘ಕಂಟಿನ್ಯೂಅಮ್’ ಆಲ್ಬಮ್ ಪೂರ್ತಿ ಕೇಳಿದೆ. ಸೋಲೋಗಳನ್ನು ಹುಡುಕಬೇಕು. ದುಡ್ಡಿಗೋಸ್ಕರ ಬ್ಲೂಸ್ ಬಿಟ್ಟು ಪಾಪ್ ಕಡೆ ಹೋದ, ಅಲ್ವಾ?”

ಮತ್ತೆ ಬಂತು. ಪದ ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಈ ಸಲ ಕೊಂಚ ಉದ್ದವಾಗಿಯೇ ಬರೆಯುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಿ.

ಚಿಕ್ಕ ಉತ್ತರ: ಗಿಟಾರ್ ಕಮ್ಮಿ ಇಲ್ಲ. ಹನ್ನೆರಡು ಹಾಡಿನಲ್ಲೂ ತುಂಬಿಕೊಂಡಿದೆ. ನೀವು ಸೋಲೋ, ಅಂದರೆ ಗಿಟಾರ್ ಒಂದೇ ಮುಂದೆ ಬಂದು ಮೆರೆಯುವ ಭಾಗ, ಬರಲಿ ಅಂತ ಕಾಯುತ್ತಾ ಕೂತಿದ್ದೀರಿ, ಅಷ್ಟರಲ್ಲಿ ಹಾಡೇ ಮುಗಿದುಹೋಗಿದೆ.

ಈಗ ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಸಂಗೀತ, ಬಿಟ್ಟಿದ್ದು ‘ದುಡ್ಡಿಗೋಸ್ಕರ’ ಅನ್ನುವ ಮಾತು. ಇದೊಂದು ಸಾಯುವುದೇ ಇಲ್ಲ. ದಯವಿಟ್ಟು ಇಸವಿಗಳನ್ನು ಸಾಲಾಗಿ ಇಟ್ಟು ನೋಡಿ. ಮೇಯರ್ ಹುಡುಗನಾಗಿದ್ದಾಗ ಪಕ್ಕದ ಮನೆಯವರು ಬ್ಲೂಸ್ ಗಿಟಾರಿಸ್ಟ್ ಸ್ಟೀವಿ ರೇ ವಾನ್ ಕ್ಯಾಸೆಟ್ ಕೊಟ್ಟರು, ಹುಚ್ಚು ಹಿಡಿದಿದ್ದು ಅಲ್ಲಿಂದ. ಆದರೆ ಹೆಸರು ಮಾಡಿದ್ದು 2001ರ ‘ರೂಮ್ ಫಾರ್ ಸ್ಕ್ವೇರ್ಸ್’ನಿಂದ. ಅದು ಅಪ್ಪಟ ಪಾಪ್. 2003ರಲ್ಲಿ ಒಂದು ಗ್ರ್ಯಾಮಿ. 2005ರಲ್ಲಿ ‘ಡಾಟರ್ಸ್’ ಹಾಡಿಗೆ ವರ್ಷದ ಹಾಡು ಅಂತ ಇನ್ನೊಂದು. ಅಂದರೆ ದುಡ್ಡು, ಹೆಸರು ಎರಡೂ ಆಗಲೇ ಕೈಯಲ್ಲಿದ್ದವು. ಅದೇ 2005ರಲ್ಲಿ ಅವನು ಮಾಡಿದ್ದೇನು? ಡ್ರಮ್ಸ್‌ಗೆ ಸ್ಟೀವ್ ಜೋರ್ಡನ್, ಬೇಸ್‌ಗೆ ಪಿನೋ ಪಲ್ಲಾಡಿನೋ, ಗಿಟಾರಿಗೆ ತಾನು. ಮೂರೇ ಜನ ಸೇರಿ ಜೋರು ಬ್ಲೂಸ್ ನುಡಿಸಿಕೊಂಡು ಊರೂರು ತಿರುಗಿ, ‘ಟ್ರೈ!’ ಅನ್ನುವ ಲೈವ್ ಆಲ್ಬಮ್ ತಂದರು. ‘ಗ್ರಾವಿಟಿ’, ‘ವಲ್ಚರ್ಸ್’ ಎರಡೂ ಆ ಆಲ್ಬಮ್‌ನಲ್ಲೇ ಇವೆ. 2006ರ ಸೆಪ್ಟೆಂಬರ್‌ನಲ್ಲಿ ‘ಕಂಟಿನ್ಯೂಅಮ್’ ಬಂದಾಗ ಅವೇ ಹಾಡುಗಳು ಸ್ಟುಡಿಯೋ ರೂಪದಲ್ಲಿ ಬಂದವು. ಅವನು ಬ್ಲೂಸ್ ಬಿಟ್ಟು ಪಾಪ್‌ಗೆ ಹೋಗಿದ್ದಲ್ಲ. ಪಾಪ್‌ನಲ್ಲಿ ಗೆದ್ದಿದ್ದವನು ಬ್ಲೂಸನ್ನು ಒಳಗೆ ಕರೆದುಕೊಂಡ. ನೀವು ಕಥೆಯನ್ನು ಹಿಂದುಮುಂದು ಮಾಡಿದ್ದೀರಿ.

ಇಷ್ಟು ಹೇಳಿದರೂ ಕೆಲವರು ಬಿಡುವುದಿಲ್ಲ. “ನಿಜವಾದ ಬ್ಲೂಸ್‌ನವರು ಪಾಪ್ ಮುಟ್ಟುವುದಿಲ್ಲ” ಅಂತಾರೆ. ಯಾರು ಸ್ವಾಮಿ ಆ ನಿಜವಾದವರು? ಬಿ. ಬಿ. ಕಿಂಗ್? ‘ದ ಥ್ರಿಲ್ ಈಸ್ ಗಾನ್’ ಹಿಂದೆ ಪಿಟೀಲುಗಳ ತಂಡವೇ ಇದೆ. 1970ರಲ್ಲಿ ಅದು ಅಮೆರಿಕದ ಪಾಪ್ ಪಟ್ಟಿಯಲ್ಲಿ 15ನೇ ಸ್ಥಾನಕ್ಕೆ ಏರಿತು. ಸ್ಟೀವಿ ರೇ ವಾನ್? 1983ರಲ್ಲಿ ತನ್ನ ಮೊದಲ ಆಲ್ಬಮ್ ಹೊರಬರುವ ಮೊದಲೇ ಪಾಪ್ ತಾರೆ ಡೇವಿಡ್ ಬೋವಿಯ ‘ಲೆಟ್ಸ್ ಡ್ಯಾನ್ಸ್’ನಲ್ಲಿ ಗಿಟಾರ್ ನುಡಿಸಿದ್ದ. ಹೆಸರಲ್ಲೇ ಡ್ಯಾನ್ಸ್ ಇದೆ! ಅವನನ್ನು ಯಾರೂ ಮಾರಾಟವಾದ ಅನ್ನಲಿಲ್ಲ.

“ಗ್ರ್ಯಾಮಿಯವರೇ ಪಾಪ್ ಅಂತ ಕೊಟ್ಟಿದ್ದಾರಲ್ಲ?” ಇದು ಮುಂದಿನ ವಾದ. ಹೌದು, 2007ರಲ್ಲಿ ‘ಕಂಟಿನ್ಯೂಅಮ್’ಗೆ ಪಾಪ್ ಆಲ್ಬಮ್ ವಿಭಾಗದಲ್ಲಿ ಪ್ರಶಸ್ತಿ ಬಂತು. 2009ರಲ್ಲಿ ‘ಗ್ರಾವಿಟಿ’ಯ ಲೈವ್ ರೂಪಕ್ಕೆ ಅದೇ ಗ್ರ್ಯಾಮಿಯವರು ರಾಕ್ ವಿಭಾಗದಲ್ಲಿ ಪ್ರಶಸ್ತಿ ಕೊಟ್ಟರು. ಹಾಡು ಒಂದೇ, ಚೀಟಿ ಎರಡು. ಚೀಟಿ ಅಂಟಿಸುವವರ ಕೆಲಸ ಅವರು ಮಾಡಿಕೊಳ್ಳಲಿ, ನಾವು ಹಾಡು ಕೇಳೋಣ.

‘ಸ್ಲೋ ಡ್ಯಾನ್ಸಿಂಗ್ ಇನ್ ಎ ಬರ್ನಿಂಗ್ ರೂಮ್’ ಹಾಕಿ. ಸಿ ಶಾರ್ಪ್ ಮೈನರ್, ಎ, ಇ. ಈ ಮೂರು ಕಾರ್ಡಿನ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನ) ಸುತ್ತಲೇ ಹಾಡು ನಡೆಯುತ್ತದೆ. ಪದಗಳನ್ನು ಮರೆತು, ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ನಡುವಿನ ಜಾಗವನ್ನು ಮಾತ್ರ ಕೇಳಿ. ಅಲ್ಲಿ ಗಿಟಾರ್ ಒಂದು ಚಿಕ್ಕ ಮಾತಾಡಿ ಸುಮ್ನಾಗುತ್ತದೆ. ದನಿ ಬಂದ ಕೂಡಲೇ ದಾರಿ ಬಿಡುತ್ತದೆ. ಬಿ. ಬಿ. ಕಿಂಗ್ ಹಾಡುವಾಗ ನುಡಿಸುತ್ತಿರಲಿಲ್ಲ, ನುಡಿಸುವಾಗ ಹಾಡುತ್ತಿರಲಿಲ್ಲ. ಈ ಸವಾಲು ಜವಾಬು ಬಂದಿರುವುದು ಅಲ್ಲಿಂದಲೇ. ನಮ್ಮ ಕಚೇರಿಯಲ್ಲಿ ಪಿಟೀಲಿನವರು ಹಾಡುವವರ ಹಿಂದೆಯೇ ಹೋಗುತ್ತಾರಲ್ಲ, ಅವರು ತನಿಯಾಗಿ ನುಡಿಸಲಿಲ್ಲ ಅಂತ ಯಾರಾದರೂ ಕಾಗದ ಬರೀತಾರಾ?

‘ಗ್ರಾವಿಟಿ’ ಇನ್ನೂ ಮಜವಾಗಿದೆ. ಜಿ ಮತ್ತು ಸಿ, ಹೆಚ್ಚು ಹೊತ್ತು ಎರಡೇ ಕಾರ್ಡು. ಆರರ ಎಣಿಕೆಯ ನಿಧಾನ ನಡೆ. ಕಲಿಯುವವರು ಮೊದಲ ದಿನವೇ ಸ್ವರ ಹಿಡಿದುಬಿಡುತ್ತಾರೆ, “ಬಂತು ಸರ್” ಅಂತಾರೆ. ಬಂದಿರುವುದಿಲ್ಲ. ಪ್ರತಿ ತುಣುಕನ್ನೂ ಒಂದು ಕೂದಲೆಳೆ ತಡವಾಗಿ ಬಿಡಬೇಕು. ಬಿಟ್ಟ ಮೇಲೆ ಕೈ ಕಟ್ಟಿ ಸುಮ್ಮನಿರಬೇಕು. ಖಾಲಿ ಜಾಗ ಕಂಡ ಕೂಡಲೇ ನಾಲ್ಕು ಸ್ವರ ತುರುಕುವ ಚಟ ನಮಗೆಲ್ಲ ಇದೆ. ತುರುಕಿದಿರೋ, ಹಾಡು ಕೆಟ್ಟಿತು. ವೇಗದ ಸೋಲೋಗಿಂತ ಇದು ಕಷ್ಟ ಅನ್ನುವುದು ಕೈಯಲ್ಲಿ ಗಿಟಾರ್ ಹಿಡಿದವರಿಗೇ ಗೊತ್ತು.

ಇನ್ನೊಂದು ವಿಷಯ, ಹೆಬ್ಬೆರಳು. ಬಾರ್ರೆ ಕಾರ್ಡ್ ಹಿಡಿದರೆ ತೋರುಬೆರಳು ಆರೂ ತಂತಿ ಒತ್ತುವುದರಲ್ಲೇ ಮುಗಿಯಿತು. ಮೇಯರ್ ಹೆಬ್ಬೆರಳನ್ನು ಗಿಟಾರಿನ ಕತ್ತಿನ ಮೇಲಿಂದ ತಂದು ಆರನೇ ತಂತಿ ಹಿಡಿಯುತ್ತಾನೆ. ಬೇಸ್ ಸ್ವರ ಅಲ್ಲಿ ಆಯಿತು. ಉಳಿದ ಬೆರಳುಗಳಿಗೆ ಕಾರ್ಡಿನ ಒಳಗೇ ಚಿಕ್ಕ ರಾಗದ ತುಣುಕು ಹೊರಡಿಸಲು ಬಿಡುವು ಸಿಕ್ಕಿತು. ಇದು ಗಿಟಾರ್ ದಿಗ್ಗಜ ಜಿಮಿ ಹೆಂಡ್ರಿಕ್ಸ್ ದಾರಿ. ಆಲ್ಬಮ್ ನಡುವೆ ಹೆಂಡ್ರಿಕ್ಸ್‌ನ 1967ರ ‘ಬೋಲ್ಡ್ ಆ್ಯಸ್ ಲವ್’ ಹಾಡು ಸುಮ್ನೆ ಬಂದು ಕೂತಿಲ್ಲ. ಗಿಟಾರ್ ಎಲ್ಲಿ ಅಂತ ಕೇಳುವವರಿಗೆ ಉತ್ತರವನ್ನು ಅವನೇ ಅಲ್ಲಿ ಇಟ್ಟಿದ್ದಾನೆ.

ಹೀಗೆ ಹೇಳುವಾಗ ನನಗೊಂದು ಬೇಜಾರು. ಗಿಟಾರ್ ಯಾವುದು, ಆಂಪ್ ಯಾವುದು, ಪೆಡಲ್ ಯಾವುದು ಅಂತ ದಿನಾ ಕೇಳುತ್ತೀರಿ. ಡ್ರಮ್ಸ್ ಯಾರದು ಅಂತ ಒಬ್ಬರೂ ಕೇಳಿಲ್ಲ. ಸ್ಟೀವ್ ಜೋರ್ಡನ್ ಬರೀ ಡ್ರಮ್ಮರ್ ಅಲ್ಲ, ಮೇಯರ್ ಜೊತೆ ಆಲ್ಬಮ್ ನಿರ್ಮಿಸಿದವನೂ ಅವನೇ. ಮುಂದೆ ತಮ್ಮ ಡ್ರಮ್ಮರ್ ಚಾರ್ಲಿ ವಾಟ್ಸ್ ಜಾಗದಲ್ಲಿ ಕೂರಿಸಲು ರೋಲಿಂಗ್ ಸ್ಟೋನ್ಸ್ ರಾಕ್ ತಂಡ ಕರೆದಿದ್ದು ಇವನನ್ನೇ. ‘ಗ್ರಾವಿಟಿ’ಯಲ್ಲಿ ಅವನ ಪೆಟ್ಟುಗಳನ್ನು ಕೇಳಿ. ಮೆರೆಯುವುದು ಒಂದೂ ಇಲ್ಲ. ಇನ್ನು ಪಿನೋ. ತಮ್ಮ ಬೇಸ್ ವಾದಕ ಜಾನ್ ಎಂಟ್ವಿಸಲ್ ತೀರಿಕೊಂಡಾಗ ‘ದ ಹೂ’ ರಾಕ್ ತಂಡ ಕರೆಸಿದ್ದು ಇವನನ್ನು. ಇಲ್ಲಿ ಎಷ್ಟು ಕಮ್ಮಿ ನುಡಿಸುತ್ತಾನೆ ಅಂದರೆ ಇದ್ದಾನೋ ಇಲ್ಲವೋ ಅನ್ನಿಸಬೇಕು. ಕೆಳಗೆ ಇವರಿಬ್ಬರು ಅಲ್ಲಾಡದೆ ಕೂತಿದ್ದಾರೆ, ಅದಕ್ಕೇ ಮೇಲೆ ಗಿಟಾರ್ ಅಷ್ಟು ತಡಮಾಡಿ ಬರಬಹುದು. ಅವಸರದ ಡ್ರಮ್ಮರ್ ಜೊತೆ ಅದೇ ತುಣುಕು ನುಡಿಸಿ ನೋಡಿ, ತಾಳ ತಪ್ಪಿದ ಹಾಗೆ ಕೇಳುತ್ತದೆ.

ಉದ್ದದ ಸೋಲೋ ಬೇಕೇ ಬೇಕು ಅನ್ನುವವರಿಗೂ ದಾರಿ ಇದೆ. ‘ಟ್ರೈ!’ನಲ್ಲಿ ‘ಔಟ್ ಆಫ್ ಮೈ ಮೈಂಡ್’ ಕೇಳಿ. 2007ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲಿಸ್‌ನಲ್ಲಿ ರೆಕಾರ್ಡ್ ಆದ ‘ವೇರ್ ದ ಲೈಟ್ ಈಸ್’ನಲ್ಲಿ ಇದೇ ಮೂವರು ನುಡಿಸಿದ ಭಾಗವೂ ಇದೆ. ಹೊಟ್ಟೆ ತುಂಬ ಕೇಳಿ, ಆಮೇಲೆ ‘ಕಂಟಿನ್ಯೂಅಮ್’ಗೆ ಬನ್ನಿ. ಇಯರ್‌ಫೋನ್ ಹಾಕಿಕೊಳ್ಳಿ. ಫೋನಿನ ಸ್ಪೀಕರ್‌ನಲ್ಲಿ ಕೇಳಿ, ಬೇಸೇ ಇಲ್ವಲ್ಲ ಸರ್ ಅಂತ ಮಾತ್ರ ಬರೆಯಬೇಡಿ.