ಹಸಿರಿನ ಮೇಲೆ ಕೆಂಪು ಅಕ್ಷರ: ಕಣ್ಣು ಎಡವುವುದು ಎಲ್ಲಿ?

ನೆಂಟರ ಮನೆಯ ಮದುವೆ ಕರೆಯೋಲೆ ಫೋನಿಗೆ ಬಂದಿತ್ತು. ಮಾವಿನೆಲೆಯ ಹಸಿರು ಹಿನ್ನೆಲೆ, ಅದರ ಮೇಲೆ ಕುಂಕುಮದ ಕೆಂಪಿನಲ್ಲಿ ಸಣ್ಣ ಸಣ್ಣ ಅಕ್ಷರ. ಚಿಕ್ಕಮ್ಮ ಫೋನನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಕನ್ನಡಕ ಒರೆಸಿಕೊಂಡರು. "ಮುಹೂರ್ತ 9-36ಕ್ಕೋ 9-38ಕ್ಕೋ ಗೊತ್ತಾಗ್ತಿಲ್ಲ, ನೀನೇ ನೋಡು" ಅಂದರು. ನಾನು ನೋಡಿದೆ. ನನಗೂ ಗೊತ್ತಾಗಲಿಲ್ಲ. 'ಧಾರೆ'ಯ ಧಕಾರದ ಕೆಳಗಿನ ಸೀಳು ಮುಚ್ಚಿಹೋಗಿತ್ತು. ಒತ್ತಕ್ಷರಗಳು ಕೆಂಪು ಮುದ್ದೆಯಾಗಿದ್ದವು.

ಕೆಂಪು, ಹಸಿರು ಎರಡೂ ಒಂದಕ್ಕೊಂದು ತೀರಾ ಬೇರೆ ಬಣ್ಣ ಅಲ್ವಾ? ಹಾಗಾದರೆ ಅಕ್ಷರ ಎದ್ದು ಕಾಣಬೇಕಿತ್ತು. ಸುಮ್ನೆ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಪರದೆಯನ್ನು ಕಪ್ಪು-ಬಿಳುಪಿಗೆ ತಿರುಗಿಸಿದೆ. ಅಕ್ಷರಗಳು ಹೆಚ್ಚುಕಡಿಮೆ ಮಾಯವೇ ಆದವು. ಆ ಕೆಂಪೂ ಆ ಹಸಿರೂ ಒಂದೇ ಬೂದು ಬಣ್ಣಕ್ಕೆ ಇಳಿದಿದ್ದವು.

ನಮ್ಮ ಕಣ್ಣು ಸಣ್ಣ ಗೆರೆ, ಅಂಚು, ಸೀಳುಗಳನ್ನು ಮುಖ್ಯವಾಗಿ ಬೆಳಕಿನ ಏರಿಳಿತದಿಂದ ಹಿಡಿಯುತ್ತದೆ. ಬಣ್ಣವನ್ನು ಅದರ ಮೇಲೆ ದಪ್ಪ ಕುಂಚದಲ್ಲಿ ಬಳಿದ ಹಾಗೆ ಕಾಣುತ್ತದೆ. ಇದನ್ನು ತಿಳಿಯಲು ಮನುಷ್ಯರಿಗೆ ನೂರೈವತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. ಕಥೆ ಶುರುವಾಗುವುದು ಒಂದು ನೇಯ್ಗೆ ಕಾರ್ಖಾನೆಯಲ್ಲಿ.

ಪ್ಯಾರಿಸ್‌ನ ಗೋಬ್ಲೇನ್ ಕಾರ್ಖಾನೆ ಅರಮನೆಗಳ ಗೋಡೆಗೆ ಚಿತ್ರ ನೇಯ್ದು ಕೊಡುತ್ತಿತ್ತು. 1824ರಲ್ಲಿ ಅಲ್ಲಿನ ಬಣ್ಣಗಾರಿಕೆಯ ಮುಖ್ಯಸ್ಥರಾಗಿ ಮಿಶೆಲ್ ಷೆವ್ರಲ್ ಎಂಬ ರಸಾಯನ ವಿಜ್ಞಾನಿ ಬಂದರು. ಅವರ ಮುಂದೆ ಬಂದ ದೂರುಗಳಲ್ಲಿ ಒಂದು ವಿಚಿತ್ರವಾಗಿತ್ತು. ನೀಲಿ, ನೇರಳೆ ಬಟ್ಟೆಗಳ ನೆರಳು ತೋರಿಸಲು ಬಳಸುವ ಕಪ್ಪು ಉಣ್ಣೆ ಸೊರಗಿ ಕಾಣುತ್ತದೆ, ಬಣ್ಣ ಕಟ್ಟಿದ್ದು ಸರಿಯಿಲ್ಲ ಎಂಬುದು ಆ ದೂರು. ಷೆವ್ರಲ್ ಬೇರೆ ಕಡೆಯ ಒಳ್ಳೆಯ ಕಪ್ಪು ಉಣ್ಣೆಯನ್ನು ತರಿಸಿ ಹೋಲಿಸಿದರು. ಗೋಬ್ಲೇನ್‌ನ ಕಪ್ಪಿನಲ್ಲಿ ಕೊರತೆಯೇನೂ ಇರಲಿಲ್ಲ. ತೊಂದರೆ ಇದ್ದದ್ದು ಪಕ್ಕದ ನೀಲಿಯಲ್ಲಿ. ನೀಲಿಯ ಪಕ್ಕ ಕೂತ ಕಪ್ಪು ನೋಡುವವರ ಕಣ್ಣಿನಲ್ಲಿ ನೀಲಿಯ ಎದುರು ಬಣ್ಣದ ಕಡೆಗೆ ವಾಲಿ, ತನ್ನ ಗಾಢತೆ ಕಳೆದುಕೊಳ್ಳುತ್ತಿತ್ತು. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ದೂರ ತಳ್ಳುವ ಈ ಗುಣದ ಬಗ್ಗೆ ಅವರು 1839ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದರು. ಮುಂದೆ ಫ್ರಾನ್ಸಿನ ಚಿತ್ರಕಾರರು ಅದನ್ನು ಆಸೆಯಿಂದ ಓದಿದರು.

ಆದರೆ ಬಣ್ಣಗಳು ಯಾವಾಗಲೂ ಹೀಗೆ ತಳ್ಳಿಕೊಳ್ಳುವುದಿಲ್ಲ. 1874ರಲ್ಲಿ ಜರ್ಮನಿಯ ವಿಲ್‌ಹೆಲ್ಮ್ ಫಾನ್ ಬೆಟ್ಸೋಲ್ಡ್ ಇದರ ಉಲ್ಟಾ ಗುಣವನ್ನು ತೋರಿಸಿದರು. ಅವರ ಕಸುಬು ಹವಾಮಾನ ವಿಜ್ಞಾನ, ಆಸಕ್ತಿ ಜಮಖಾನೆಗಳ ವಿನ್ಯಾಸದಲ್ಲಿ. ಜಮಖಾನೆಯ ಮಾದರಿಯಲ್ಲಿ ಒಂದೇ ಒಂದು ಎಳೆಯ ಬಣ್ಣ ಬದಲಿಸಿದರೆ ಉಳಿದ ಬಣ್ಣಗಳೂ ಅದರ ಕಡೆಗೇ ವಾಲಿದಂತೆ ಕಾಣುತ್ತಿದ್ದವು. ಪಟ್ಟೆ ಅಗಲವಾಗಿದ್ದರೆ ಪಕ್ಕದ ಬಣ್ಣಗಳು ದೂರ ಸರಿಯುತ್ತವೆ. ಎಳೆ ಸಣ್ಣದಾಗಿದ್ದರೆ ಬೆರೆಯುತ್ತವೆ. ರೇಷ್ಮೆ ಸೀರೆ ಅಂಗಡಿಯಲ್ಲಿ ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇರುವ ಸೀರೆ ನೋಡಿದವರಿಗೆ ಆ ಬೆರೆಯುವಿಕೆ ಗೊತ್ತು. ದೂರಕ್ಕೆ ಮೂರನೆಯದೇ ಒಂದು ಬಣ್ಣ ಕಾಣುತ್ತದೆ, ಎಳೆಗಳು ಕಾಣುವುದಿಲ್ಲ. ಬಣ್ಣ ಹೇಗೆ ಕಾಣುತ್ತದೆ ಎಂಬುದಕ್ಕೆ ಗಾತ್ರದ ಲೆಕ್ಕವೂ ಸೇರಿದೆ ಎಂಬ ಮುಖ್ಯ ಸುಳಿವು ಅಲ್ಲಿ ಸಿಕ್ಕಿತ್ತು.

ಇದರ ಜೊತೆಗೇ ಇನ್ನೊಂದು ವಾದ ಜೋರಾಗಿ ನಡೆಯುತ್ತಿತ್ತು. ಇಂಗ್ಲೆಂಡಿನ ಥಾಮಸ್ ಯಂಗ್ 1802ರಲ್ಲಿ, ಆಮೇಲೆ ಜರ್ಮನಿಯ ಹೆಲ್ಮ್‌ಹೋಲ್ಟ್ಸ್, ಕಣ್ಣಿನಲ್ಲಿ ಬೆಳಕು ಹಿಡಿಯುವ ಮೂರು ಬಗೆಯ ಗ್ರಾಹಕಗಳಿವೆ ಎಂದರು. 1870ರ ದಶಕದಲ್ಲಿ ಜರ್ಮನಿಯ ಶರೀರ ವಿಜ್ಞಾನಿ ಎವಾಲ್ಡ್ ಹೆರಿಂಗ್ ಬೇರೆ ಮಾತು ಹೇಳಿದರು. ಹಳದಿ ಬೆರೆತ ಕೆಂಪನ್ನು ನಾವು ಕಾಣುತ್ತೇವೆ, ಹಸಿರು ಬೆರೆತ ಕೆಂಪನ್ನು ಯಾರೂ ಕಂಡಿಲ್ಲ. ಆದ್ದರಿಂದ ಕೆಂಪು-ಹಸಿರು, ನೀಲಿ-ಹಳದಿ, ಬಿಳಿ-ಕಪ್ಪು ಎಂಬ ಎದುರಾಳಿ ಜೋಡಿಗಳೇ ನೋಟದ ಬುನಾದಿ ಎಂದು ವಾದಿಸಿದರು. ಎರಡು ಕಡೆಯವರೂ ಸರಿ ಎಂದು ಗೊತ್ತಾಗಿದ್ದು ಇಪ್ಪತ್ತನೇ ಶತಮಾನದಲ್ಲಿ. ಕಣ್ಣಿನ ಹಿಂಭಾಗದ ಪರದೆಯಲ್ಲಿ, ಅಂದರೆ ರೆಟಿನಾದಲ್ಲಿ, ಮೂರು ಬಗೆಯ ಶಂಕು ಕೋಶಗಳಿವೆ. ಅವು ಕಳಿಸಿದ್ದನ್ನು ಮುಂದಿನ ಕೋಶಗಳು ಕೂಡಿ-ಕಳೆದು ಹೆರಿಂಗ್ ಹೇಳಿದಂಥ ಜೋಡಿಗಳನ್ನು ಮಾಡುತ್ತವೆ.

ಈ ವಾದದಲ್ಲಿ ಬೆಂಗಳೂರಿನ ದನಿಯೂ ಇತ್ತು. ಸಿ.ವಿ. ರಾಮನ್ ಬದುಕಿನ ಕೊನೆಯ ದಶಕದಲ್ಲಿ ಬಣ್ಣದ ನೋಟದ ಹಿಂದೆ ಬಿದ್ದಿದ್ದರು. ಹೂವಿನ ಎಸಳಿನಿಂದ ಬರುವ ಬೆಳಕನ್ನು ಸ್ಪೆಕ್ಟ್ರೋಸ್ಕೋಪಿನಲ್ಲಿ ಬಣ್ಣಬಣ್ಣವಾಗಿ ಬಿಡಿಸಿ ನೋಡುತ್ತಿದ್ದರು. 1968ರಲ್ಲಿ ಈ ಬಗ್ಗೆ ಅವರ ಪುಸ್ತಕವೂ ಬಂತು. ಮೂರು ಗ್ರಾಹಕಗಳ ಸಿದ್ಧಾಂತವನ್ನು ಅವರು ಒಪ್ಪಲಿಲ್ಲ. ವಿಜ್ಞಾನ ಲೋಕ ಅವರ ಆ ವಾದವನ್ನು ಒಪ್ಪಲಿಲ್ಲ. ಆದರೂ ಎಂಬತ್ತರ ಹತ್ತಿರದಲ್ಲಿ ಒಂದು ಹೂವನ್ನು ಕೈಯಲ್ಲಿ ಹಿಡಿದು 'ಇದು ನನಗೆ ಯಾಕೆ ಹೀಗೆ ಕಾಣುತ್ತದೆ' ಎಂದು ಕೇಳಿಕೊಂಡ ಆ ಕುತೂಹಲ ನನಗೆ ಬಹಳ ಇಷ್ಟ.

ಗೆರೆಯ ಗುಟ್ಟು ಬಿಡಿಸಿದವರು ಬೇರೆಯವರು. 1865ರಲ್ಲಿ ಆಸ್ಟ್ರಿಯಾದ ಭೌತ ವಿಜ್ಞಾನಿ ಅರ್ನ್‌ಸ್ಟ್ ಮಾಖ್ ಒಂದು ವಿಷಯ ಗಮನಿಸಿದ್ದರು. ಬೆಳಕು ಮೆಲ್ಲಗೆ ಕತ್ತಲಿಗೆ ಇಳಿಯುವ ಜಾಗದ ಎರಡು ತುದಿಗಳಲ್ಲಿ ನಿಜವಾಗಿ ಇಲ್ಲದ ಒಂದು ಬೆಳ್ಳನೆಯ ಪಟ್ಟಿಯೂ ಒಂದು ಕಪ್ಪನೆಯ ಪಟ್ಟಿಯೂ ಕಾಣುತ್ತವೆ. ಪಕ್ಕಪಕ್ಕದ ಕೋಶಗಳು ಒಂದನ್ನೊಂದು ಅದುಮುತ್ತಿರಬೇಕು ಎಂದು ಅವರು ಊಹಿಸಿದರು. ಆ ಅದುಮುವಿಕೆಯನ್ನು ಜೀವಂತ ಕಣ್ಣಿನಲ್ಲಿ ಅಳೆದವರು ಅಮೆರಿಕದ ಹಾರ್ಟ್‌ಲೈನ್. ಲಾಳಾಕಾರದ ಚಿಪ್ಪಿನ ಒಂದು ಕಡಲ ಜೀವಿಯ ಕಣ್ಣಿನಲ್ಲಿ ಅದನ್ನು ತೋರಿಸಿದರು. 1967ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. 1953ರಲ್ಲಿ ಸ್ಟೀಫನ್ ಕುಫ್ಲರ್ ಬೆಕ್ಕಿನ ರೆಟಿನಾದಲ್ಲೂ ಅಂಥದ್ದನ್ನೇ ಕಂಡರು. ಒಂದು ಕೋಶ ನಡುವೆ ಬಿದ್ದ ಬೆಳಕಿಗೆ ಹುರುಪಾದರೆ, ಅದರ ಸುತ್ತ ಬಿದ್ದ ಬೆಳಕಿಗೆ ಸುಮ್ಮನಾಗುತ್ತದೆ. ಅಂದರೆ ಕಣ್ಣು ಮಿದುಳಿಗೆ ಮುಖ್ಯವಾಗಿ ಕಳಿಸುವುದು ಬೆಳಕಿನ ವ್ಯತ್ಯಾಸವನ್ನು. ಗೋಡೆ ಪೂರ್ತಿ ಒಂದೇ ಥರ ಇದ್ದರೆ ಹೇಳುವುದಕ್ಕೆ ಹೆಚ್ಚೇನೂ ಇಲ್ಲ. ಸುದ್ದಿ ಇರುವುದು ಅಂಚಿನಲ್ಲಿ.

ಬಣ್ಣಕ್ಕೂ ಗೆರೆಗೂ ಇರುವ ಅಂತರವನ್ನು ಮೊದಲು ದುಡಿಸಿಕೊಂಡವರು ಟಿವಿ ಎಂಜಿನಿಯರ್‌ಗಳು. ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಚೆಂದ ಕಾಣುವ ಭಾಗ ಇದೇ.

1940ರ ದಶಕದ ಕೊನೆಗೆ ಅಮೆರಿಕದ ಮನೆಗಳಿಗೆ ಕಪ್ಪು-ಬಿಳುಪು ಟಿವಿ ನುಗ್ಗುತ್ತಿತ್ತು. ಬಣ್ಣದ ಟಿವಿ ಬೇಕು ಅಂದರೆ ಕೆಂಪು, ಹಸಿರು, ನೀಲಿ ಎಂದು ಮೂರು ಚಿತ್ರ ಕಳಿಸಬೇಕು. ರೇಡಿಯೊ ತರಂಗಗಳಲ್ಲಿ ಒಂದು ಚಾನೆಲ್‌ಗೆ ಕೊಟ್ಟಿದ್ದ ಜಾಗ 6 ಮೆಗಾಹರ್ಟ್ಸ್ ಮಾತ್ರ. ಮೂರು ಪೂರ್ತಿ ಚಿತ್ರ ಅದರಲ್ಲಿ ಹಿಡಿಸುವುದಿಲ್ಲ. ಹಳೆಯ ಸೆಟ್ಟುಗಳೂ ಕೆಲಸಕ್ಕೆ ಬಾರದೆ ಹೋಗಬಾರದು. ಫ್ರಾನ್ಸಿನ ಜಾರ್ಜ್ ವಲಾಂಸಿ 1938ರಲ್ಲೇ ಇದಕ್ಕೆ ದಾರಿ ಹೇಳಿದ್ದರು. ಬೆಳಕಿನ ಚಿತ್ರವನ್ನು ಒಂದು ಕಡೆ, ಬಣ್ಣವನ್ನು ಇನ್ನೊಂದು ಕಡೆ ಬೇರೆ ಮಾಡಿ ಕಳಿಸಿ. ಕಪ್ಪು-ಬಿಳುಪು ಸೆಟ್ಟು ಬೆಳಕನ್ನಷ್ಟೇ ಹಿಡಿದುಕೊಳ್ಳುತ್ತದೆ, ಬಣ್ಣದ ಸೆಟ್ಟು ಎರಡನ್ನೂ ಸೇರಿಸಿಕೊಳ್ಳುತ್ತದೆ. 1950ರ ಹೊತ್ತಿಗೆ ಅಮೆರಿಕದ ರೇಡಿಯೊ-ಟಿವಿ ಕಂಪನಿ ಆರ್‌ಸಿಎಯ ಆಲ್ಡಾ ಬೆಡ್‌ಫರ್ಡ್ ಮತ್ತೊಂದು ಹೆಜ್ಜೆ ಇಟ್ಟರು. ಸಣ್ಣ ವಿವರಗಳಲ್ಲಿ ಬಣ್ಣವನ್ನು ಕಳಿಸದೇ ಇದ್ದರೂ ನೋಡುವವರಿಗೆ ಕೊರತೆ ಕಾಣುವುದಿಲ್ಲ ಎಂದು ತೋರಿಸಿದರು.

1953ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಪಡೆದ ಅಮೆರಿಕದ ಪದ್ಧತಿ ಇದನ್ನೇ ನಂಬಿತ್ತು. ಬೆಳಕಿನ ಚಿತ್ರಕ್ಕೆ ಸುಮಾರು 4.2 ಮೆಗಾಹರ್ಟ್ಸ್. ಕಿತ್ತಳೆ ಕಡೆಯಿಂದ ಹಸಿರುನೀಲಿ ಕಡೆಗೆ ಹೋಗುವ ಬಣ್ಣದ ಸಾಲಿಗೆ ಸುಮಾರು 1.3. ಹಸಿರು-ನೇರಳೆ ಸಾಲಿಗೆ ಬರೀ 0.5. ಬೆಳಕಿನ ಲೆಕ್ಕದಲ್ಲೂ ಮೂರು ಬಣ್ಣಗಳಿಗೆ ಸಮಪಾಲು ಇರಲಿಲ್ಲ. ಕೆಂಪಿಗೆ 30%, ಹಸಿರಿಗೆ 59%, ನೀಲಿಗೆ 11%. ನಮ್ಮ ಕಣ್ಣಿಗೆ ಹೊಳಪು ಜಾಸ್ತಿ ಸಿಗುವುದು ಹಸಿರಿನಿಂದ, ತೀರಾ ಕಡಿಮೆ ನೀಲಿಯಿಂದ.

ನಮ್ಮ ದೂರದರ್ಶನ 1982ರಲ್ಲಿ, ದಿಲ್ಲಿ ಏಷ್ಯಾಡ್‌ನ ವರ್ಷ, ಬಣ್ಣಕ್ಕೆ ಬಂತು. ನಾವು ತೆಗೆದುಕೊಂಡದ್ದು ಯುರೋಪಿನ ಪಾಲ್ ಪದ್ಧತಿ. ಅದರಲ್ಲೂ ಬೆಳಕಿಗೆ ಹೆಚ್ಚು ಜಾಗ, ಬಣ್ಣಕ್ಕೆ ಕಡಿಮೆ. ಬಣ್ಣದ ಸೆಟ್ಟು ಕೊಳ್ಳಲಾಗದ ಮನೆಗಳಲ್ಲಿ ಕಪ್ಪು-ಬಿಳುಪು ಟಿವಿಯ ಮುಂದೆ ಒಂದು ಪ್ಲಾಸ್ಟಿಕ್ ಹಾಳೆ ಸಿಕ್ಕಿಸುತ್ತಿದ್ದರು, ನೆನಪಿದೆಯಾ? ಮೇಲೆ ನೀಲಿ, ಕೆಳಗೆ ಹಸಿರು. ಆಕಾಶ, ಹುಲ್ಲು ಇರುವ ದೃಶ್ಯ ಬಂದಾಗ ಕಣ್ಣು ಅದನ್ನು ಬಣ್ಣದ ಟಿವಿ ಅಂತಲೇ ಒಪ್ಪಿಬಿಡುತ್ತಿತ್ತು. ಗೆರೆಯೆಲ್ಲ ಕಪ್ಪು-ಬಿಳುಪಿನಲ್ಲಿ, ಬಣ್ಣ ಎರಡು ಅಗಲ ಪಟ್ಟಿಗಳಲ್ಲಿ. ಬೆಡ್‌ಫರ್ಡ್ ತೋರಿಸಿದ್ದನ್ನು ಆ ಹಾಳೆ ಇನ್ನೂ ದೂರಕ್ಕೆ ಎಳೆದಿತ್ತು.

ಎಂಜಿನಿಯರ್‌ಗಳು ಅಂದಾಜಿನಲ್ಲಿ ಹಿಡಿದದ್ದಕ್ಕೆ ಅಳತೆ ನಿಧಾನವಾಗಿ ಸಿಕ್ಕಿತು. ಆರ್‌ಸಿಎಯ ಆಟೋ ಶಾಡೆ 1956ರಲ್ಲಿ ಪಟ್ಟೆಗಳನ್ನು ತೋರಿಸಿ ಕಣ್ಣಿನ ಸೂಕ್ಷ್ಮತೆ ಅಳೆದರು. ಕೇಂಬ್ರಿಜ್‌ನಲ್ಲಿ ಕ್ಯಾಂಪ್‌ಬೆಲ್ ಮತ್ತು ರಾಬ್ಸನ್ 1968ರಲ್ಲಿ ಅದನ್ನು ಮುಂದಕ್ಕೆ ಒಯ್ದರು. ಕೈ ಪೂರ್ತಿ ಚಾಚಿ ಕಿರುಬೆರಳಿನ ಉಗುರು ನೋಡಿ. ಆ ಅಗಲ ಹತ್ತಿರ ಹತ್ತಿರ ಒಂದು ಡಿಗ್ರಿ. ಅಷ್ಟು ಜಾಗದಲ್ಲಿ ಮೂರರಿಂದ ಐದು ಜೋಡಿ ಕಪ್ಪು-ಬಿಳಿ ಪಟ್ಟೆ ಇದ್ದರೆ, ಅವು ಸಾಕಷ್ಟು ಮಸುಕಾಗಿದ್ದರೂ ನಮಗೆ ಚೆನ್ನಾಗಿ ಸಿಗುತ್ತವೆ. ಪಟ್ಟೆ ಅದಕ್ಕಿಂತ ದಪ್ಪವಾದರೂ ಸಣ್ಣದಾದರೂ ಕಷ್ಟ ಹೆಚ್ಚುತ್ತದೆ. 1985ರಲ್ಲಿ ಕ್ಯಾಥಿ ಮಲೆನ್ ಬಣ್ಣದ ಪಟ್ಟೆಗಳಿಗೂ ಇದೇ ಅಳತೆ ಮಾಡಿದರು. ಹೊಳಪು ಒಂದೇ ಇದ್ದು ಬಣ್ಣ ಮಾತ್ರ ಬೇರೆ ಇದ್ದಾಗ, ಕಣ್ಣು ಒಂದು ಡಿಗ್ರಿಗೆ 11-12 ಜೋಡಿಗೆ ಸೋತಿತು. ಬೆಳಕಿನ ಪಟ್ಟೆಗಳಲ್ಲಿ ಅದೇ ಕಣ್ಣು 34-36 ಜೋಡಿವರೆಗೆ ಹೋಗಿತ್ತು. ಮೂರು ಪಟ್ಟು ಅಂತರ.

ಯಾಕೆ ಹೀಗೆ? ಕೆಂಪು ಕಡೆಯ ಮತ್ತು ಹಸಿರು ಕಡೆಯ ಶಂಕು ಕೋಶಗಳು ಹೆಚ್ಚುಕಡಿಮೆ ಒಂದೇ ಬೆಳಕನ್ನು ಹೀರುತ್ತವೆ. ಅವು ಉತ್ತುಂಗ ಮುಟ್ಟುವ ತರಂಗಗಳ ನಡುವೆ ಇರುವುದು ಸುಮಾರು 30 ನ್ಯಾನೋಮೀಟರ್ ಅಷ್ಟೆ. ಬೆಳಕು ಎಷ್ಟಿದೆ ಎನ್ನಲು ಎರಡನ್ನೂ ಕೂಡಿದರಾಯಿತು. ಬಣ್ಣ ಯಾವುದು ಎನ್ನಲು ಒಂದರಿಂದ ಇನ್ನೊಂದನ್ನು ಕಳೆಯಬೇಕು, ಉಳಿಯುವುದು ಚೂರೇ ಚೂರು. ನೀಲಿ ಕೋಶಗಳಂತೂ ನೂರಕ್ಕೆ ಐದರಿಂದ ಹತ್ತು. ನಾವು ಓದಲು ಬಳಸುವ ನೋಟದ ನಟ್ಟನಡುವೆ ಅವು ಇಲ್ಲವೇ ಇಲ್ಲ.

1992ರಲ್ಲಿ ಬಂದ ಜೆಪೆಗ್ ಫೋಟೋ ಪದ್ಧತಿಯಲ್ಲೂ ಟಿವಿಯ ಉಪಾಯವೇ ಇದೆ. ಚಿತ್ರದ ನಾಲ್ಕು ಚುಕ್ಕಿಗಳಿಗೆ (ಪಿಕ್ಸೆಲ್) ಮೂರು ಮೂರರಂತೆ ಹನ್ನೆರಡು ಅಂಕಿ ಬೇಕು. ಸಾಮಾನ್ಯವಾಗಿ ನಾಲ್ಕಕ್ಕೂ ಬೆಳಕಿನ ಅಂಕಿ ಬೇರೆ ಬೇರೆ ಇಟ್ಟುಕೊಂಡು, ಬಣ್ಣದ್ದು ನಾಲ್ಕಕ್ಕೂ ಸೇರಿ ಎರಡೇ ಇಡುತ್ತಾರೆ. ಹನ್ನೆರಡು ಆರಾಯಿತು. ಮುಖ, ಮರ, ಊಟದ ಎಲೆಯ ಫೋಟೋಗಳಲ್ಲಿ ಯಾರಿಗೂ ವ್ಯತ್ಯಾಸ ಕಾಣುವುದಿಲ್ಲ.

ಜೆಪೆಗ್ ಆಗಿ ಬಂದಿದ್ದ ಆ ಕರೆಯೋಲೆಗೆ ಮಾತ್ರ ಎರಡು ಕಡೆಯಿಂದ ಪೆಟ್ಟು ಬಿದ್ದಿತ್ತು. ಅಕ್ಷರವೂ ಹಿನ್ನೆಲೆಯೂ ಒಂದೇ ಹೊಳಪಿನವು, ಹಾಗಾಗಿ ಧಕಾರದ ಸೀಳು ಪೂರ್ತಿ ಬಣ್ಣವನ್ನೇ ನಂಬಿಕೊಂಡಿತ್ತು. ಆ ಬಣ್ಣವನ್ನು ಫೈಲು ನಾಲ್ಕರಲ್ಲಿ ಒಂದಕ್ಕೆ ಇಳಿಸಿತ್ತು. ಉಳಿದದ್ದನ್ನು ಓದಬೇಕಾಗಿದ್ದದ್ದು ಬಣ್ಣದ ಸಣ್ಣ ಗೆರೆಗಳಲ್ಲಿ ಮೊದಲೇ ಸೋಲುವ ಕಣ್ಣು, ಅದೂ ವಯಸ್ಸಾದ ಕಣ್ಣು. ಕನ್ನಡದಲ್ಲಿ ದ ಮತ್ತು ಧ, ಡ ಮತ್ತು ಢ ಬೇರೆಯಾಗುವುದು ಒಂದು ಸಣ್ಣ ಗೀಟಿನಿಂದ. ಆ ಗೀಟಿಗೆ ಬೆಳಕಿನ ಅಂತರವೇ ಬೇಕು. ಜಾಲತಾಣಗಳ ಅಕ್ಷರಗಳಿಗೆ ಅಂತಾರಾಷ್ಟ್ರೀಯ ಮಾರ್ಗಸೂಚಿ 2008ರಿಂದ ಕೇಳುವ 4.5ಕ್ಕೆ 1ರ ಅಂತರವೂ ಇದೇ, ಬೆಳಕಿನ ಲೆಕ್ಕದ್ದು.

ಕರೆಯೋಲೆ ಮಾಡಿದ್ದ ಮದುಮಗನ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಹಸಿರು ಹಿನ್ನೆಲೆಯನ್ನೇ ಇನ್ನಷ್ಟು ಗಾಢ ಮಾಡಿದಳು, ಅಕ್ಷರಗಳನ್ನು ಕೆನೆ ಬಣ್ಣಕ್ಕೆ ತಿರುಗಿಸಿ ಸಂಜೆಯೊಳಗೆ ಮತ್ತೆ ಕಳಿಸಿದಳು. ಚಿಕ್ಕಮ್ಮ ಕನ್ನಡಕ ಹುಡುಕುವ ಮೊದಲೇ ಓದಿದರು: ಧಾರೆ ಮುಹೂರ್ತ, ಬೆಳಿಗ್ಗೆ 9-36.